21 ಅಂಕದ ಮೂವರು ಮಕ್ಕಳು: ಓದಿನ ಗುಂಪುಗಳನ್ನು ಮತ್ತೆ ಕಟ್ಟಿದ ಒಂದು ತರಗತಿಯ ಪ್ರಕರಣ ಅಧ್ಯಯನ

ಮೂರನೇ ತರಗತಿ. 32 ಮಕ್ಕಳು, ಒಬ್ಬ ಶಿಕ್ಷಕಿ, ದಿನಕ್ಕೆ 45 ನಿಮಿಷದ ಒಂದು ಓದಿನ ಅವಧಿ. ತರಗತಿಗಳಲ್ಲಿ ಮತ್ತೆ ಮತ್ತೆ ಎದುರಾಗುವ ತೊಡಕುಗಳನ್ನು ಒಂದೇ ಕಡೆ ತೋರಿಸಲೆಂದು ಈ ಪ್ರಕರಣವನ್ನು ಕಟ್ಟಿಕೊಂಡಿದ್ದೇವೆ. ಮಕ್ಕಳನ್ನು ಕ್ರಮಸಂಖ್ಯೆಯಿಂದ ಗುರುತಿಸಿದ್ದೇವೆ, ಮತ್ತು ಅಂಕಿಗಳು ಲೆಕ್ಕದ ದಾರಿ ತೋರಿಸಲು ಇಟ್ಟವು. ಆದರೆ ಇಲ್ಲಿನ ತಪ್ಪುಗಳು, ಅವುಗಳ ಕಾರಣಗಳು ಮತ್ತು ಪರಿಹಾರದ ಹೆಜ್ಜೆಗಳು ಕನ್ನಡ ಓದು ಕಲಿಸುವ ಯಾರಿಗೂ ಹೊಸವಲ್ಲ.

ಮೊದಲ ಗುಂಪುಗಾರಿಕೆ ಎಲ್ಲಿ ಎಡವಿತು

ವರ್ಷಾರಂಭದ ಲಿಖಿತ ಪರೀಕ್ಷೆ 50 ಅಂಕದ್ದು: ಒಂದು ಗದ್ಯಭಾಗ, ಅದರ ಮೇಲೆ ಪ್ರಶ್ನೆಗಳು, ಪದಗಳ ಅರ್ಥ, ಬಿಟ್ಟ ಸ್ಥಳ. ಶಿಕ್ಷಕಿ ಅಂಕಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಜೋಡಿಸಿ ಎಂಟೆಂಟು ಮಕ್ಕಳ ನಾಲ್ಕು ಗುಂಪು ಮಾಡಿದರು. ಪ್ರತಿ ಗುಂಪಿಗೂ ಅದರ ಮಟ್ಟಕ್ಕೆ ತಕ್ಕ ಪಾಠ ಕೊಟ್ಟು ಆರು ವಾರ ಓದಿಸಿದರು. ಶ್ರಮ ಕಡಿಮೆಯೇನೂ ಇರಲಿಲ್ಲ. ಆದರೂ ಮೂರನೇ ಗುಂಪು ಹೆಚ್ಚುಕಡಿಮೆ ಇದ್ದಲ್ಲಿಯೇ ಉಳಿಯಿತು.

ಆ ಗುಂಪಿನಲ್ಲಿ ಮೂವರಿಗೆ ಸರಿಯಾಗಿ 21 ಅಂಕ ಬಂದಿತ್ತು: 4, 11 ಮತ್ತು 26ನೇ ಕ್ರಮಸಂಖ್ಯೆಯ ಮಕ್ಕಳು. ಮೂವರನ್ನೂ ಒಬ್ಬೊಬ್ಬರಾಗಿ ಪಕ್ಕದಲ್ಲಿ ಕೂರಿಸಿಕೊಂಡು ಗಟ್ಟಿಯಾಗಿ ಓದಿಸಿದಾಗ ಕಂಡದ್ದು ಮೂರು ಬೇರೆ ಬೇರೆ ಚಿತ್ರ. 4ನೆಯವಳು ಒತ್ತಕ್ಷರ ಬಂದಲ್ಲೆಲ್ಲ ಜಾರುತ್ತಿದ್ದಳು. 11ನೆಯವನು ಒಂದಕ್ಷರವನ್ನೂ ತಪ್ಪದೆ, ಆದರೆ ಅಕ್ಷರಕ್ಕಕ್ಷರ ಬಿಡಿಸಿ ಓದುತ್ತಿದ್ದ; ಪರೀಕ್ಷೆಯಲ್ಲಿ ಗದ್ಯ ಮುಗಿಯುವುದರೊಳಗೆ ಗಂಟೆ ಹೊಡೆದಿತ್ತು. 26ನೆಯವಳು ಸರಾಗವಾಗಿ, ಕೇಳಲು ಇಂಪಾಗಿ ಓದಿದಳು. ಏನು ಓದಿದೆ ಎಂದು ಕೇಳಿದರೆ ಮೊದಲ ವಾಕ್ಯವನ್ನೇ ಇನ್ನೊಮ್ಮೆ ಒಪ್ಪಿಸಿದಳು. ಆರು ವಾರ ಈ ಮೂವರಿಗೂ ಒಂದೇ ಪಾಠ, ಒಂದೇ ಅಭ್ಯಾಸ ನಡೆದಿತ್ತು. ಅದರಲ್ಲಿ ಯಾರಿಗೂ ಬೇಕಾದದ್ದು ಇರಲಿಲ್ಲ.

ಒಟ್ಟು ಅಂಕದಿಂದ ಮಗು ಎಷ್ಟು ಹಿಂದಿದೆ ಎಂದು ತಿಳಿಯುತ್ತದೆ, ಯಾವುದರಲ್ಲಿ ಹಿಂದಿದೆ ಎಂದು ತಿಳಿಯುವುದಿಲ್ಲ. 1986ರಲ್ಲಿ ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ ಓದಿನ ಗ್ರಹಿಕೆಯನ್ನು ಎರಡು ಸಾಮರ್ಥ್ಯಗಳ ಗುಣಲಬ್ಧವಾಗಿ ಬರೆದು ತೋರಿಸಿದರು: ಬರಹವನ್ನು ಬಿಡಿಸಿ ಓದುವ ಶಕ್ತಿ ಒಂದು, ಕೇಳಿದ ಮಾತನ್ನು ಅರ್ಥಮಾಡಿಕೊಳ್ಳುವ ಶಕ್ತಿ ಇನ್ನೊಂದು. ಗುಣಾಕಾರದಲ್ಲಿ ಒಂದು ಕಡೆ ಸೊನ್ನೆಯಾದರೆ ಉತ್ತರವೂ ಸೊನ್ನೆ. ಲಿಖಿತ ಪರೀಕ್ಷೆ ಕೊಡುವುದು ಆ ಉತ್ತರವನ್ನು ಮಾತ್ರ. ಗುಂಪು ಕಟ್ಟಬೇಕಾದರೆ ಎರಡೂ ಬದಿಗಳನ್ನು ಬೇರೆಬೇರೆಯಾಗಿ ಅಳೆಯಬೇಕು.

ಏನನ್ನು ಅಳೆದರು, ಎಷ್ಟು ಹೊತ್ತಿನಲ್ಲಿ

ಬೇಕಾದ ಸಾಮಗ್ರಿ ತೀರಾ ಕಡಿಮೆ. ಒಂದು ಅಕ್ಷರಪಟ್ಟಿ: 20 ಮೂಲಾಕ್ಷರ, 20 ಕಾಗುಣಿತದ ಅಕ್ಷರ, 20 ಒತ್ತಕ್ಷರ. ಮೂರೂ ಸಾಲುಗಳು ವರ್ಣಮಾಲೆಯ ಕ್ರಮ ಬಿಟ್ಟು ಅಡ್ಡಾದಿಡ್ಡಿ ಇರಬೇಕು. ಕ್ರಮದಲ್ಲಿದ್ದರೆ ಮಗು ಅಕ್ಷರ ನೋಡದೆ ಬಾಯಿಪಾಠ ಒಪ್ಪಿಸಿಬಿಡುತ್ತದೆ. ಒತ್ತಕ್ಷರದ ಸಾಲಿನಲ್ಲಿ 10 ಸಜಾತೀಯ (‘ಲ್ಲ’ದಂತೆ ಅದೇ ಅಕ್ಷರದ ಒತ್ತು), 7 ವಿಜಾತೀಯ (‘ಸ್ತ’ದಂತೆ ಬೇರೆ ಅಕ್ಷರದ ಒತ್ತು), 3 ಅರ್ಕಾವತ್ತಿನವು. ಜೊತೆಗೆ ಸುಮಾರು 200 ಅಕ್ಷರಗಳ ಮೂರು ಗದ್ಯಭಾಗ. ಇವು ಮಕ್ಕಳು ಹಿಂದೆ ಓದಿರದವಾಗಿರಬೇಕು. ಪಠ್ಯದ ಪಾಠವನ್ನೇ ಕೊಟ್ಟರೆ ಅಳತೆಗೆ ಸಿಗುವುದು ನೆನಪು. ಶಿಕ್ಷಕಿಯ ಬಳಿ ಅದೇ ಗದ್ಯದ ಇನ್ನೊಂದು ಪ್ರತಿ, ಸಾಲುಗಳ ನಡುವೆ ಅಗಲವಾಗಿ ಜಾಗ ಬಿಟ್ಟದ್ದು. ಒಂದು ಗಡಿಯಾರ, ಒಂದು ಪೆನ್ಸಿಲ್.

ಕೇಳಿ ಅರ್ಥಮಾಡಿಕೊಳ್ಳುವ ಪರೀಕ್ಷೆ ಇಡೀ ತರಗತಿಗೆ ಒಟ್ಟಿಗೆ ನಡೆಯಿತು. ಶಿಕ್ಷಕಿ ಒಂದು ಕತೆಯನ್ನು ಎರಡು ಸಲ ಓದಿ ಹೇಳಿದರು. ನಾಲ್ಕು ಪ್ರಶ್ನೆ, ಪ್ರತಿಯೊಂದಕ್ಕೂ ಮೂರು ಚಿತ್ರಗಳಲ್ಲಿ ಸರಿಯಾದದ್ದಕ್ಕೆ ಸುತ್ತು ಹಾಕಬೇಕು. ಬರೆಯಲು ಬಾರದ ಮಗುವೂ ಉತ್ತರಿಸಬಲ್ಲದು. 20 ನಿಮಿಷದಲ್ಲಿ 32 ಮಕ್ಕಳದ್ದೂ ಮುಗಿಯಿತು.

ಉಳಿದದ್ದು ಒಬ್ಬೊಬ್ಬರಿಗೇ ಮಾಡುವ ಕೆಲಸ, ಅಲ್ಲಿ ಸಮಯದ ಲೆಕ್ಕ ಮುಖ್ಯ. ಎಲ್ಲರಿಗೂ ಎಲ್ಲವನ್ನೂ ಮಾಡಹೊರಟರೆ ತಲೆಗೆ ಒಂಬತ್ತು ನಿಮಿಷ, ಒಟ್ಟು ಐದು ಗಂಟೆಯ ಹತ್ತಿರ ಹೋಗುತ್ತದೆ. ಅರ್ಧದಲ್ಲಿ ನಿಂತುಹೋಗುವ ಪರೀಕ್ಷೆಗಳೆಲ್ಲ ಹೀಗೆ ಶುರುವಾದವೇ. ಶಿಕ್ಷಕಿ ಎರಡು ಹಂತ ಮಾಡಿಕೊಂಡರು. ಮೊದಲ ಹಂತದಲ್ಲಿ ಪ್ರತಿ ಮಗುವಿಗೆ 3 ನಿಮಿಷ: ಅಕ್ಷರಪಟ್ಟಿ ಮತ್ತು ಒಂದು ನಿಮಿಷದ ಗಟ್ಟಿ ಓದು. ಅದು 96 ನಿಮಿಷ. ಅಕ್ಷರಪಟ್ಟಿಯಲ್ಲಿ ತೊಡಕು ಕಂಡ 12 ಮಕ್ಕಳಿಗೆ ಎರಡನೇ ಗದ್ಯವನ್ನು ಓದಿಸಿ, ತಪ್ಪುಗಳನ್ನು ಒಂದೊಂದಾಗಿ ಬರೆದುಕೊಳ್ಳಲು ತಲಾ 4 ನಿಮಿಷ: 48. ಪಟ್ಟಿ ಸಲೀಸಾಗಿ ಓದಿದ 20 ಮಕ್ಕಳಿಗೆ ಗದ್ಯ ಓದಿದ ಮೇಲೆ ತಮ್ಮ ಮಾತಿನಲ್ಲಿ ಹೇಳಿಸಿ, ನಾಲ್ಕು ಪ್ರಶ್ನೆ ಕೇಳಲು ತಲಾ 3 ನಿಮಿಷ: 60. ಒಟ್ಟು 204 ನಿಮಿಷ. ದಿನಕ್ಕೆ 25 ನಿಮಿಷದಂತೆ ಎಂಟೊಂಬತ್ತು ದಿನದ ಕೆಲಸ. ಆ ಹೊತ್ತಿನಲ್ಲಿ ಉಳಿದ ಮಕ್ಕಳು ತಮಗೆ ಬೇಕಾದ ಕತೆಪುಸ್ತಕ ಓದುತ್ತಾ, ಓದಲು ಬಾರದಿದ್ದರೆ ಚಿತ್ರ ನೋಡಿ ಪಕ್ಕದವರಿಗೆ ಕತೆ ಹೇಳುತ್ತಾ ಕೂತಿದ್ದರು.

ಕೇಳುವ ನಾಲ್ಕು ಪ್ರಶ್ನೆಗಳಲ್ಲಿ ಎರಡಕ್ಕೆ ಉತ್ತರ ಗದ್ಯದಲ್ಲೇ ನೇರವಾಗಿ ಇರಬೇಕು, ಒಂದಕ್ಕೆ ಮಗು ಊಹಿಸಿ ಹೇಳಬೇಕು, ಒಂದು ಪದದ ಅರ್ಥದ್ದು. ನಾಲ್ಕೂ ನೇರ ಪ್ರಶ್ನೆಗಳಾದರೆ 26ನೇ ಕ್ರಮಸಂಖ್ಯೆಯಂಥ ಮಕ್ಕಳು ತಪ್ಪಿಸಿಕೊಳ್ಳುತ್ತಾರೆ. ಪ್ರಶ್ನೆಯಲ್ಲಿರುವ ಒಂದು ಪದವನ್ನು ಗದ್ಯದಲ್ಲಿ ಹುಡುಕಿ ಆ ಸಾಲನ್ನೇ ಓದಿಬಿಡುವ ಜಾಣ್ಮೆ ಅವರಿಗೆ ಚೆನ್ನಾಗಿ ಕರಗತವಾಗಿರುತ್ತದೆ.

ವೇಗವನ್ನು ಪದಗಳಲ್ಲಿ ಎಣಿಸದೆ ಅಕ್ಷರಗಳಲ್ಲಿ ಎಣಿಸಿದ್ದಕ್ಕೆ ಕಾರಣವಿದೆ. ಹ್ಯಾಸ್‌ಬ್ರೂಕ್ ಮತ್ತು ಟಿಂಡಲ್ 2017ರಲ್ಲಿ ಪ್ರಕಟಿಸಿದ ಕೋಷ್ಟಕದ ಪ್ರಕಾರ ಮೂರನೇ ತರಗತಿಯ ನಡುಮಟ್ಟದ ಮಗು ವರ್ಷದ ಕೊನೆಗೆ ನಿಮಿಷಕ್ಕೆ 112 ಪದ ಸರಿಯಾಗಿ ಓದುತ್ತದೆ. ಅದು ಇಂಗ್ಲಿಷ್ ಓದಿನ ಲೆಕ್ಕ. ಕನ್ನಡದಲ್ಲಿ ಪ್ರತ್ಯಯಗಳು ಪದಕ್ಕೆ ಅಂಟಿಕೊಂಡು ಬರುವುದರಿಂದ ಒಂದೊಂದು ಪದವೂ ಉದ್ದ. ಎರಡಕ್ಷರದ ‘ಮನೆ’ಯೂ ಒಂದು ಪದ, ಆರಕ್ಷರದ ‘ಹೋಗಬೇಕಾಗಿತ್ತು’ ಕೂಡ ಒಂದು ಪದ. ಹೊರಗಿನ ಕೋಷ್ಟಕವನ್ನು ತಂದು ಕನ್ನಡ ಓದಿಗೆ ಹಚ್ಚಿದರೆ ಇಡೀ ತರಗತಿಯೇ ಹಿಂದುಳಿದಂತೆ ಕಾಣುತ್ತದೆ. ಹಾಗಾಗಿ ಗಡಿಯನ್ನು ತರಗತಿಯೊಳಗೇ ಹುಡುಕಿದರು. 32 ಮಕ್ಕಳ ವೇಗವನ್ನು ಸಾಲಾಗಿ ಬರೆದಾಗ 78ರಿಂದ 104ರ ನಡುವೆ ಯಾರೂ ಇರಲಿಲ್ಲ. ಆ ಖಾಲಿ ಜಾಗದ ನಡುವೆ, ನಿಮಿಷಕ್ಕೆ 90 ಅಕ್ಷರಕ್ಕೆ, ಗೆರೆ ಎಳೆದರು.

ಒಂದು ವಾಕ್ಯ, ಐದು ತಪ್ಪು

4ನೇ ಕ್ರಮಸಂಖ್ಯೆಯ ಹುಡುಗಿಯ ಓದನ್ನು ಹತ್ತಿರದಿಂದ ನೋಡೋಣ. ಗದ್ಯದಲ್ಲಿದ್ದ ವಾಕ್ಯ:

ಅಜ್ಜಿ ಬುಟ್ಟಿಯಲ್ಲಿ ಹಣ್ಣುಗಳನ್ನು ತುಂಬಿಕೊಂಡು ಮನೆಗೆ ಬಂದಳು.

ಅವಳು ಓದಿದ್ದು:

ಅಜಿ ಬುಟಿಯಲಿ ಹಣುಗಳನು ತುಂಬಿಕೊಂಡು ಮನೆಗೆ ಬಂದಳು.

ಪದಗಳ ಲೆಕ್ಕದಲ್ಲಿ ಆರರಲ್ಲಿ ಮೂರು ತಪ್ಪು, ಅರ್ಧಕ್ಕರ್ಧ. ಅಷ್ಟೇ ನೋಡಿದರೆ ಈ ಮಗುವನ್ನು ಮೂಲಾಕ್ಷರಕ್ಕೆ ವಾಪಸು ಕಳಿಸಬೇಕು ಅನ್ನಿಸುತ್ತದೆ, ಎಷ್ಟೋ ಕಡೆ ಕಳಿಸುವುದೂ ಉಂಟು. ಅಕ್ಷರದ ಲೆಕ್ಕದಲ್ಲಿ 21ರಲ್ಲಿ 16 ಸರಿ. ತಪ್ಪಿದ ಐದೂ, ಅಂದರೆ ಜ್ಜಿ, ಟ್ಟಿ, ಲ್ಲಿ, ಣ್ಣು, ನ್ನು, ಒಂದೇ ಜಾತಿಯವು: ಸಜಾತೀಯ ಒತ್ತು ಬಿಟ್ಟುಹೋಗಿದೆ. ಸ್ವರಚಿಹ್ನೆ ಒಂದೂ ತಪ್ಪಿಲ್ಲ, ಅನುಸ್ವಾರ ತಪ್ಪಿಲ್ಲ. ಅಂದರೆ ಇವಳಿಗೆ ಕಲಿಸಬೇಕಾದದ್ದು ಒಂದೇ ಸಂಗತಿ.

ಅದೇ ವಾಕ್ಯವನ್ನು 17ನೇ ಕ್ರಮಸಂಖ್ಯೆಯ ಹುಡುಗ ‘ಅಜ್ಜಿ ಬುಟ್ಟಿಯಲಿ ಹಣ್ಣುಗಳನು’ ಎಂದು ಓದಿದ. ಇವನೂ ಒತ್ತು ಬಿಟ್ಟವನೇ, ಆದರೆ ಕಾರಣ ಬೇರೆ. ಜ, ಟ, ಣ ಅಕ್ಷರಗಳ ಒತ್ತು ನೋಡಲು ಅದೇ ಅಕ್ಷರದ ಚಿಕ್ಕ ರೂಪದಂತೆಯೇ ಇರುತ್ತದೆ. ತ, ನ, ಮ, ಯ, ರ, ಲ ಈ ಆರರ ಒತ್ತಿಗೆ ಮೂಲಾಕ್ಷರದ ಹೋಲಿಕೆಯೇ ಇಲ್ಲ. ಹುಡುಗನಿಗೆ ಒತ್ತು ಎಂದರೇನೆಂದು ಗೊತ್ತಿದೆ. ಹೋಲಿಕೆ ಇಲ್ಲದ ರೂಪಗಳು ಮಾತ್ರ ಗುರುತಾಗುತ್ತಿಲ್ಲ. ಕನ್ನಡದಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವವು ಇವೇ: ‘ಅಲ್ಲಿ’, ‘ಅನ್ನು’, ‘ತ್ತದೆ’, ‘ತ್ತಿದ್ದ’. ಒಂದು ಪುಟದಲ್ಲಿ ಇವು ಹತ್ತಾರು ಸಲ ಬರುತ್ತವೆ, ಆದ್ದರಿಂದ ಎರಡು ಮೂರು ರೂಪ ಬಾರದಿದ್ದರೂ ಓದು ಹೆಜ್ಜೆಹೆಜ್ಜೆಗೂ ನಿಲ್ಲುತ್ತದೆ. ಹುಡುಗಿಗೆ ಒತ್ತನ್ನು ಕಿವಿಯಿಂದಲೂ ಕಣ್ಣಿನಿಂದಲೂ ಗುರುತಿಸುವ ಕೆಲಸ ಬೇಕು; ಹುಡುಗನಿಗೆ ಆರು ರೂಪಗಳ ಪರಿಚಯ ಸಾಕು. ‘ವರ್ಷ’ವನ್ನು ‘ವಷರ’ ಎಂದು ಓದುವುದು ಇನ್ನೂ ಬೇರೆಯದೇ ತಪ್ಪು: ಅರ್ಕಾವತ್ತು ಬರಹದಲ್ಲಿ ಅಕ್ಷರದ ನಂತರ, ಉಚ್ಚಾರದಲ್ಲಿ ಅಕ್ಷರಕ್ಕೆ ಮೊದಲು. ಎಡದಿಂದ ಬಲಕ್ಕೆ ಓದಬೇಕೆಂಬ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ ಮಗುವೇ ಅಲ್ಲಿ ತಪ್ಪುತ್ತದೆ.

ಇವೆಲ್ಲ ಮಗು ದಡ್ಡ ಎಂಬುದರ ಗುರುತಲ್ಲ. ಕನ್ನಡ ಓದು ಕಲಿಯುವ ಮಕ್ಕಳ ಮೇಲೆ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಕ್ಷರಜ್ಞಾನದ ಕಲಿಕೆ ನಾಲ್ಕನೇ ತರಗತಿಯವರೆಗೂ ಮುಂದುವರಿಯುವುದು ಕಂಡುಬಂದಿದೆ. ಮೂರನೇ ತರಗತಿಯಲ್ಲಿ ಒತ್ತಕ್ಷರ ಪಕ್ಕಾ ಆಗದ ಮಕ್ಕಳು ಇರುವುದು ಸಹಜ. ಅವರನ್ನು ಒಂದನೇ ತರಗತಿಯ ಪುಸ್ತಕಕ್ಕೆ ಇಳಿಸಿದರೆ ಅವಮಾನವಾಗುತ್ತದೆ, ಬೇಕಾದ ಅಕ್ಷರವೂ ಸಿಗುವುದಿಲ್ಲ.

ತಪ್ಪು ಬರೆದುಕೊಳ್ಳುವಾಗ ಒಂದು ಎಚ್ಚರ ಬೇಕೇಬೇಕು. ಆಡುಮಾತಿನ ಉಚ್ಚಾರವನ್ನು ಓದಿನ ತಪ್ಪಾಗಿ ಎಣಿಸಬಾರದು. ‘ಹಾಲು’ ಎಂಬುದನ್ನು ‘ಆಲು’ ಎಂದೂ, ‘ಧನ’ವನ್ನು ‘ದನ’ ಎಂದೂ ಮನೆಮಾತಿನಲ್ಲಿ ಆಡುವ ಮಗು ಓದುವಾಗಲೂ ಹಾಗೇ ಓದುತ್ತದೆ. ಅಕ್ಷರಪಟ್ಟಿಯಲ್ಲಿ ಹ ಮತ್ತು ಅ, ಧ ಮತ್ತು ದ ಅಕ್ಷರಗಳನ್ನು ತೋರಿಸಿ ‘ಇವೆರಡೂ ಒಂದೇನಾ, ಬೇರೆಯಾ?’ ಎಂದು ಕೇಳಿದರೆ ಸಾಕು. ಬೇರೆ ಎಂದು ಗುರುತಿಸಿದರೆ ಅದು ಓದಿನ ತೊಡಕಲ್ಲ. ಮಗು ತಾನೇ ತಿದ್ದಿಕೊಂಡ ತಪ್ಪನ್ನೂ ಎಣಿಕೆಗೆ ಸೇರಿಸಬಾರದು; ಪಕ್ಕದಲ್ಲಿ ಗುರುತು ಹಾಕಿಕೊಂಡರೆ ಒಳ್ಳೆಯದು, ಏಕೆಂದರೆ ಅರ್ಥದ ಕಡೆ ಗಮನವಿರುವ ಮಗು ಹಾಗೆ ತಿದ್ದಿಕೊಳ್ಳುತ್ತದೆ.

ಹಾಳೆಯಿಂದ ಗುಂಪಿಗೆ

ಒಂದು ಹಾಳೆ, ಒಂಬತ್ತು ಕಲಂ: ಕ್ರಮಸಂಖ್ಯೆ, ಹಾಜರಿ, ಮೂಲಾಕ್ಷರ, ಕಾಗುಣಿತ, ಒತ್ತಕ್ಷರ, ನಿಖರತೆ, ವೇಗ, ಓದಿ ಹೇಳಿದ ಉತ್ತರ, ಕೇಳಿ ಹೇಳಿದ ಉತ್ತರ. ಕೊನೆಗೆ ಷರಾ ಬರೆಯಲು ಒಂದಿಷ್ಟು ಜಾಗ. ಇದಕ್ಕಿಂತ ಹೆಚ್ಚಿನ ಕಲಂ ಹಾಕಿದರೆ ತುಂಬುವುದೇ ಕೆಲಸವಾಗಿ, ಓದಿ ನೋಡುವುದು ಉಳಿದುಹೋಗುತ್ತದೆ.

21 ಅಂಕದ ಮೂವರ ಸಾಲುಗಳು ಈಗ ಹೀಗಿವೆ. 4: ಒತ್ತಕ್ಷರ 20ಕ್ಕೆ 9, ನಿಖರತೆ ಶೇ. 81, ಕೇಳಿ ಹೇಳಿದ್ದು 4ಕ್ಕೆ 4. 11: ಒತ್ತಕ್ಷರ 19, ನಿಖರತೆ ಶೇ. 97, ವೇಗ 58, ಕೇಳಿ ಹೇಳಿದ್ದು 4. 26: ಒತ್ತಕ್ಷರ 20, ನಿಖರತೆ ಶೇ. 98, ವೇಗ 142, ಓದಿ ಹೇಳಿದ್ದು 1, ಕೇಳಿ ಹೇಳಿದ್ದೂ 1.

ಗುಂಪಿಗೆ ಹಾಕುವ ನಿಯಮ ಸರಳ. ಕಲಂಗಳನ್ನು ಎಡದಿಂದ ಬಲಕ್ಕೆ ಓದುತ್ತಾ ಹೋಗಿ, ಮೊದಲು ಎಲ್ಲಿ ಕಡಿಮೆ ಕಾಣುತ್ತದೋ ಅಲ್ಲೇ ನಿಲ್ಲುವುದು. ಕಾಗುಣಿತ 16ಕ್ಕಿಂತ ಕಡಿಮೆಯಿದ್ದರೆ ಕಾಗುಣಿತದ ಗುಂಪು. ಅದು ಸರಿಯಿದ್ದು ಒತ್ತಕ್ಷರ 15ಕ್ಕಿಂತ ಕಡಿಮೆಯಿದ್ದರೆ ಒತ್ತಕ್ಷರದ ಗುಂಪು. ಅವೆರಡೂ ಸರಿಯಿದ್ದು ವೇಗ 90ಕ್ಕಿಂತ ಕಡಿಮೆಯಾದರೆ ಸರಾಗ ಓದಿನ ಗುಂಪು. ವೇಗವೂ ಇದ್ದು ಪ್ರಶ್ನೆಗಳಲ್ಲಿ ಎರಡು ಅಥವಾ ಕಡಿಮೆ ಬಂದರೆ ಅರ್ಥದ ಗುಂಪು. ಎಲ್ಲ ದಾಟಿದವರು ಸ್ವತಂತ್ರ ಓದಿನವರು. ಈ ಕ್ರಮವೇ ಯಾಕೆಂದರೆ ಹಿಂದಿನದು ಸಡಿಲವಿದ್ದಾಗ ಮುಂದಿನದರ ಅಂಕಿಯನ್ನು ನಂಬಲಾಗುವುದಿಲ್ಲ: ಒತ್ತಕ್ಷರ ಬಾರದ ಮಗುವಿನ ವೇಗ ಕಡಿಮೆ ಇರಲೇಬೇಕು, ಅದಕ್ಕೆ ವೇಗದ ಅಭ್ಯಾಸ ಕೊಟ್ಟರೆ ತಪ್ಪನ್ನೇ ಬೇಗ ಬೇಗ ಓದುವುದು ರೂಢಿಯಾಗುತ್ತದೆ.

ನಿಖರತೆಯ ಕಲಂ ಗುಂಪು ನಿರ್ಧರಿಸುವುದಕ್ಕಿಂತ ಪುಸ್ತಕ ಆರಿಸುವುದಕ್ಕೆ ಹೆಚ್ಚು ಉಪಯೋಗ. ಮೇರಿ ಕ್ಲೇ ರೂಪಿಸಿದ ಓದಿನ ದಾಖಲೆಯ ಪದ್ಧತಿಯಲ್ಲಿ ಶೇ. 95ರ ಮೇಲೆ ಸರಿ ಬಂದ ಪಾಠ ಸುಲಭ, 90ರಿಂದ 94 ಬಂದದ್ದು ಶಿಕ್ಷಕರ ಜೊತೆಗೂಡಿ ಓದಲು ತಕ್ಕದ್ದು, ಅದಕ್ಕೂ ಕೆಳಗಿನದು ಕಷ್ಟ. ಆ ಲೆಕ್ಕ ಪದಗಳದ್ದು. ಶಿಕ್ಷಕಿ ಅಕ್ಷರದ ಲೆಕ್ಕವನ್ನೇ ಹಿಡಿದು, ಮೇಜಿನ ಬಳಿ ಓದಿಸುವ ಪಾಠದಲ್ಲಿ ಹತ್ತು ಅಕ್ಷರಕ್ಕೆ ಒಂದಕ್ಕಿಂತ ಹೆಚ್ಚು ತಪ್ಪು ಬಂದರೆ ಪಾಠ ಬದಲಿಸಿದರು.

ನಿಯಮ ಹಚ್ಚಿದಾಗ ಬಂದ ಸಂಖ್ಯೆ: ಕಾಗುಣಿತ 5, ಒತ್ತಕ್ಷರ 7, ಸರಾಗ ಓದು 9, ಅರ್ಥ 6, ಸ್ವತಂತ್ರ 5. ಅಷ್ಟಕ್ಕೇ ಬಿಡದೆ ಶಿಕ್ಷಕಿ ಷರಾ ಕಲಂ ಓದಿದರು. ಇಡೀ ಪ್ರಕರಣದಲ್ಲಿ ಅತ್ಯಂತ ಬೆಲೆಬಾಳುವ ಹತ್ತು ನಿಮಿಷ ಅದು ಎಂದು ನಾವು ಭಾವಿಸುತ್ತೇವೆ.

8ನೇ ಕ್ರಮಸಂಖ್ಯೆಯ ಹುಡುಗಿಯ ವೇಗ 38 ಎಂದಿತ್ತು. ಷರಾದಲ್ಲಿ ‘ದನಿಯೇ ಹೊರಡುತ್ತಿಲ್ಲ’ ಎಂದಿತ್ತು. ಅವಳನ್ನು ಗೆಳತಿಯ ಜೊತೆ ಜಗುಲಿಯಲ್ಲಿ ಕೂರಿಸಿ ‘ಅವಳಿಗೆ ಓದಿ ಹೇಳು’ ಎಂದು, ದೂರದಿಂದ ಮತ್ತೊಂದು ಗದ್ಯದ ಲೆಕ್ಕ ಹಿಡಿದಾಗ 107 ಬಂತು, ನಾಲ್ಕೂ ಪ್ರಶ್ನೆ ಸರಿ. ಅವಳು ಸ್ವತಂತ್ರ ಓದಿಗೆ ಹೋದಳು. ಸರಾಗ ಓದಿನಲ್ಲಿ 8, ಸ್ವತಂತ್ರದಲ್ಲಿ 6 ಆಯಿತು. 29ನೆಯವನು ಪಟ್ಟಿಯ ದೊಡ್ಡ ಅಕ್ಷರಗಳನ್ನೆಲ್ಲ ಸರಿಯಾಗಿ ಓದಿ, ಗದ್ಯದಲ್ಲಿ ಎರಡು ಸಲ ಸಾಲು ಬಿಟ್ಟಿದ್ದ, ಪುಸ್ತಕವನ್ನು ಮುಖದ ಹತ್ತಿರ ಹಿಡಿದಿದ್ದ. ಮನೆಯವರಿಗೆ ಹೇಳಿ ಕಣ್ಣಿನ ತಪಾಸಣೆ ಮಾಡಿಸಬೇಕಾದ ಮಗು ಇದು. ಕನ್ನಡಕ ಬರುವವರೆಗೆ ಮುಂದಿನ ಬೆಂಚು, ದಪ್ಪಕ್ಷರದ ಪಾಠ. 15ನೆಯವನಿಗೆ ಒತ್ತಕ್ಷರ 12, ಕೇಳಿ ಹೇಳಿದ್ದು 1. ಅವನ ಮನೆಮಾತು ಬೇರೆ. ಒತ್ತಕ್ಷರದ ಗುಂಪಿಗೆ ಹಾಕಿದ್ದು ಸರಿಯೇ, ಆದರೆ ಒತ್ತಕ್ಷರ ಬಂದ ಕೂಡಲೇ ಅರ್ಥವೂ ಬಂದುಬಿಡುತ್ತದೆಂದು ಕಾಯುವಂತಿಲ್ಲ. ಅವನಿಗೆ ಮೊದಲ ದಿನದಿಂದಲೇ ಮಾತಿನ ಕೆಲಸವೂ ಬೇಕು: ಚಿತ್ರ ತೋರಿಸಿ ಹೇಳಿಸುವುದು, ಪಾಠ ಓದುವ ಮೊದಲು ಅದರ ಐದಾರು ಪದಗಳನ್ನು ಬಾಯಲ್ಲಿ ಆಡಿಸುವುದು.

ಗಡಿಯ ಹತ್ತಿರ ನಿಂತವರಿಗೆ ಮಾತ್ರ ಮೂರೂ ಗದ್ಯಗಳನ್ನು ಓದಿಸಿ ನಡುವಿನ ಅಂಕಿ ಹಿಡಿದರು. ಒಂದೇ ಓದಿನ ಅಂಕಿ ಆ ದಿನದ ನಿದ್ದೆ, ನೆಗಡಿ, ಗದ್ಯದ ವಿಷಯ ಇವುಗಳಿಗೆಲ್ಲ ಅಲುಗಾಡುತ್ತದೆ. ಸರಾಸರಿ ತೆಗೆದರೆ ಒಂದು ಕೆಟ್ಟ ಓದು ಉಳಿದೆರಡನ್ನೂ ಕೆಳಗೆ ಎಳೆಯುತ್ತದೆ. ನಡುವಿನ ಅಂಕಿಗೆ ಆ ದೋಷವಿಲ್ಲ.

45 ನಿಮಿಷವನ್ನು ಹಂಚಿದ ಬಗೆ

ಮೊದಲ 5 ನಿಮಿಷ ಇಡೀ ತರಗತಿಗೆ, ನಂತರ 18 ನಿಮಿಷದ ಎರಡು ಸುತ್ತು, ಕೊನೆಗೆ 4 ನಿಮಿಷ ಒಟ್ಟುಗೂಡಲು. ದಿನಕ್ಕೆ ಎರಡು ಗುಂಪು ಶಿಕ್ಷಕಿಯ ಮೇಜಿಗೆ ಬರುತ್ತವೆ, ಐದು ದಿನಕ್ಕೆ ಹತ್ತು ಸುತ್ತು. ಸಮಪಾಲು ಮಾಡಿದರೆ ಗುಂಪಿಗೆ ಎರಡೆರಡು. ಶಿಕ್ಷಕಿ ಹಾಗೆ ಮಾಡದೆ ಕಾಗುಣಿತಕ್ಕೆ 3, ಒತ್ತಕ್ಷರ, ಸರಾಗ ಓದು, ಅರ್ಥ ಈ ಮೂರಕ್ಕೆ ತಲಾ 2, ಸ್ವತಂತ್ರಕ್ಕೆ 1 ಕೊಟ್ಟರು. ಹೆಚ್ಚು ಹಿಂದಿರುವವರಿಗೆ ಹೆಚ್ಚು ಸಲ ಶಿಕ್ಷಕಿ ಸಿಗಬೇಕು. ಇದರಲ್ಲಿ ಸಂಕೋಚ ಪಡುವಂಥದ್ದೇನಿಲ್ಲ.

ಗುಂಪಿಗೆ ಆರೇಳು ಮಕ್ಕಳಿಗಿಂತ ಹೆಚ್ಚಾದರೆ ಒಬ್ಬೊಬ್ಬರ ಓದು ಕೇಳುವುದು ಕಷ್ಟ. ಸರಾಗ ಓದಿನಲ್ಲಿ ಎಂಟು ಮಂದಿ ಇದ್ದರೂ ನಡೆದದ್ದು ಅಲ್ಲಿ ಜೋಡಿ ಓದು ಇರುವುದರಿಂದ: ನಾಲ್ಕು ಜೋಡಿ, ಶಿಕ್ಷಕಿ ಜೋಡಿಯಿಂದ ಜೋಡಿಗೆ ಸರಿಯುತ್ತಾರೆ.

ಒತ್ತಕ್ಷರದ ಗುಂಪಿನ ಒಂದು ಸುತ್ತು ಹೀಗೆ ನಡೆಯಿತು. ಮೊದಲ 3 ನಿಮಿಷ ನಿನ್ನೆಯ ಪದಗಳ ಚೀಟಿ. ಮುಂದಿನ 5 ನಿಮಿಷ ಜೋಡಿಪದಗಳು: ಕತೆ, ಕತ್ತೆ, ಹಳಿ, ಹಳ್ಳಿ, ಬಳಿ, ಬಳ್ಳಿ, ಎಲೆ, ಎಲ್ಲೆ. ಶಿಕ್ಷಕಿ ಹೇಳಿದ್ದನ್ನು ಕೇಳಿ ಮಕ್ಕಳು ಸರಿಯಾದ ಚೀಟಿ ಎತ್ತಬೇಕು. ಒತ್ತು ಬಿಟ್ಟರೆ ಅರ್ಥವೇ ಬದಲಾಗುವುದು ಕಂಡಾಗ ಒತ್ತಿನ ಕಡೆ ಕಣ್ಣು ತಾನಾಗಿ ಹೋಗುತ್ತದೆ. ಆಮೇಲೆ 7 ನಿಮಿಷ, ಅದೇ ಒತ್ತುಗಳು ಹನ್ನೆರಡು ಹದಿನೈದು ಸಲ ಬರುವ ಚಿಕ್ಕ ಗದ್ಯ. ಎಲ್ಲರೂ ಪಿಸುದನಿಯಲ್ಲಿ ಓದುತ್ತಿರುವಾಗ ಶಿಕ್ಷಕಿ ಒಬ್ಬೊಬ್ಬರ ಪಕ್ಕ ಕಿವಿಗೊಡುತ್ತಾರೆ. ತಪ್ಪಿದಾಗ ಪದವನ್ನು ಹೇಳಿಕೊಡದೆ, ಬೆರಳಿಟ್ಟು ‘ಕೆಳಗೇನಿದೆ ನೋಡು, ಇನ್ನೊಮ್ಮೆ ಹೇಳು’ ಎನ್ನುತ್ತಾರೆ. ಕೊನೆಯ 3 ನಿಮಿಷ ನಾಲ್ಕು ಪದಗಳ ಉಕ್ತಲೇಖನ. ಆರು ವಾರದ ಸರದಿ: ಮೊದಲೆರಡು ವಾರ ಸಜಾತೀಯ, ಅದರಲ್ಲೂ ಲ್ಲ, ನ್ನ, ತ್ತ, ಮ್ಮ ಮೊದಲು, ಮುಂದಿನ ಎರಡು ವಾರ ಸ್ತ, ತ್ರ, ಕ್ತ, ಷ್ಟ, ಪ್ರ ಮೊದಲಾದ ವಿಜಾತೀಯ, ಐದನೆಯದು ಅರ್ಕಾವತ್ತು, ಆರನೆಯದು ಎಲ್ಲವೂ ಬೆರೆತದ್ದು.

ಸರಾಗ ಓದಿನ ಗುಂಪಿಗೆ ಮರುಓದು. ಜೇ ಸ್ಯಾಮ್ಯುಯೆಲ್ಸ್ 1979ರಲ್ಲಿ ವಿವರಿಸಿದ ಪದ್ಧತಿ ಇದು: ಒಂದೇ ಚಿಕ್ಕ ಗದ್ಯವನ್ನು ಸಾಕಷ್ಟು ಸರಾಗವಾಗುವವರೆಗೆ ಮತ್ತೆ ಮತ್ತೆ ಓದುವುದು. ಈ ತರಗತಿಯಲ್ಲಿ ಶಿಕ್ಷಕಿ ಒಮ್ಮೆ ಓದಿ ತೋರಿಸಿದ ಮೇಲೆ ಮೂರರಿಂದ ನಾಲ್ಕು ಓದು. ಪ್ರತಿ ಓದಿನ ಕೊನೆಗೆ ಜೋಡಿಯವನು ಒಂದು ಪ್ರಶ್ನೆ ಕೇಳಬೇಕು. ಅದಿಲ್ಲದಿದ್ದರೆ ಮಕ್ಕಳು ಓಟದ ಸ್ಪರ್ಧೆಗೆ ಇಳಿಯುತ್ತಾರೆ. ಕಾಗುಣಿತದವರಿಗೆ ಹ್ರಸ್ವ ದೀರ್ಘದ ಜೋಡಿಪದಗಳು ಮತ್ತು ಅಕ್ಷರ ಕೂಡಿಸಿ ಪದ ಮಾಡುವುದು. ಸ್ವತಂತ್ರ ಗುಂಪಿನವರು ತಾವೇ ಆರಿಸಿದ ಪುಸ್ತಕ ಓದಿ, ವಾರಕ್ಕೊಮ್ಮೆ ಮೇಜಿನ ಬಳಿ ಮಾತಾಡುತ್ತಾರೆ.

ಅರ್ಥದ ಗುಂಪಿಗೆ ಪ್ರಶ್ನೋತ್ತರದ ಅಭ್ಯಾಸಹಾಳೆ ಕೊಡುವುದು ಎಲ್ಲರಿಗೂ ಮೊದಲು ತೋಚುವ ದಾರಿ, ಮತ್ತು ಅತ್ಯಂತ ಕಡಿಮೆ ಫಲ ಕೊಡುವ ದಾರಿ. ರೆಕ್ಟ್ ಮತ್ತು ಲೆಸ್ಲಿ 1988ರಲ್ಲಿ 64 ಮಕ್ಕಳ ಮೇಲೆ ನಡೆಸಿದ ಅಧ್ಯಯನದಲ್ಲಿ, ಬೇಸ್‌ಬಾಲ್ ಆಟ ಚೆನ್ನಾಗಿ ಗೊತ್ತಿದ್ದ ದುರ್ಬಲ ಓದುಗರು ಆ ಆಟದ ಬಗೆಗಿನ ಬರಹವನ್ನು, ಆಟ ಗೊತ್ತಿಲ್ಲದ ಒಳ್ಳೆಯ ಓದುಗರಿಗಿಂತ ಹೆಚ್ಚು ಚೆನ್ನಾಗಿ ನೆನಪಿಟ್ಟುಕೊಂಡರು. ವಿಷಯ ಗೊತ್ತಿದ್ದರೆ ಓದು ಅರ್ಥವಾಗುತ್ತದೆ. ಹಾಗಾಗಿ ಈ ಆರು ಮಕ್ಕಳು ಎರಡೆರಡು ವಾರ ಒಂದೇ ವಿಷಯದ ಮೇಲೆ ಓದಿದರು: ನೀರು ಮೊದಲು, ಹಕ್ಕಿಗಳು ಆಮೇಲೆ, ಕೊನೆಗೆ ಬೀಜ. ಪದಗಳು ಮರಳಿ ಬರುತ್ತವೆ, ನಾಲ್ಕನೇ ಗದ್ಯದ ಹೊತ್ತಿಗೆ ಕೇಳಲು ಮಕ್ಕಳ ಹತ್ತಿರವೇ ಪ್ರಶ್ನೆಗಳಿರುತ್ತವೆ.

ಮೇಜಿನಿಂದ ದೂರ ಇರುವ ಮಕ್ಕಳು ಏನು ಮಾಡುತ್ತಾರೆ ಎಂಬುದರ ಮೇಲೆ ಇಡೀ ಏರ್ಪಾಡು ನಿಂತಿದೆ. ಇಲ್ಲಿ ಮೊದಲ ವಾರ ಗದ್ದಲವಾಯಿತು. ಕೊಟ್ಟ ಕೆಲಸ ಹೊಸದಾಗಿತ್ತು, ಪ್ರತಿ ಎರಡು ನಿಮಿಷಕ್ಕೊಬ್ಬರು ಮೇಜಿನ ಬಳಿ ಕೇಳಲು ಬಂದರು. ಎರಡನೇ ವಾರದಿಂದ ಒಂದೇ ನಿಯಮ: ಮೇಜಿನ ಬಳಿ ಈಗಾಗಲೇ ಓದಿ ಮುಗಿಸಿದ್ದನ್ನೇ ದೂರದಲ್ಲಿ ಮತ್ತೆ ಓದುವುದು. ಹೊಸ ಗದ್ಯವಿಲ್ಲ, ಹೊಸ ಬಗೆಯ ಅಭ್ಯಾಸವಿಲ್ಲ. ಪದ ಅಡ್ಡ ಬಂದರೆ ಜೋಡಿಯನ್ನು ಕೇಳು, ಅವರಿಗೂ ಗೊತ್ತಿಲ್ಲದಿದ್ದರೆ ಗುರುತು ಹಾಕಿ ಮುಂದೆ ಹೋಗು. ಗದ್ದಲ ತಗ್ಗಿತು.

ಗುಂಪಿಗೆ ಹೆಸರಿಡುವುದು ಸಣ್ಣ ವಿಷಯವಲ್ಲ. ಹೂವು ಹಕ್ಕಿಗಳ ಹೆಸರಿಟ್ಟರೂ ಎರಡೇ ದಿನದಲ್ಲಿ ಯಾವುದು ‘ದಡ್ಡರ ಗುಂಪು’ ಎಂದು ಮಕ್ಕಳು ಕಂಡುಹಿಡಿಯುತ್ತಾರೆ. ಶಿಕ್ಷಕಿ ಕಾಯಂ ಹೆಸರನ್ನೇ ಇಡದೆ, ಆ ವಾರ ಓದುತ್ತಿರುವ ಗದ್ಯದ ಹೆಸರಿನಿಂದಲೇ ಕರೆದರು. ವಾರವಾರವೂ ಹೆಸರು ಬದಲಾಗುತ್ತಿತ್ತು. ಅಂಕಿಗಳ ಹಾಳೆ ಗೋಡೆಗೆ ಹೋಗಲಿಲ್ಲ.

ಆರು ವಾರದ ನಂತರ

ನಡುವೆ ಅಳತೆ ನಿಂತಿರಲಿಲ್ಲ. ಪ್ರತಿ ಸುತ್ತಿನಲ್ಲಿ ಒಂದಿಬ್ಬರ ಒಂದು ನಿಮಿಷದ ಓದನ್ನು ಶಿಕ್ಷಕಿ ಬರೆದಿಟ್ಟುಕೊಳ್ಳುತ್ತಿದ್ದರು. ಮರುಪರೀಕ್ಷೆ ಮೊದಲ ಸಲದಂತೆಯೇ, ಹೊಸ ಗದ್ಯಗಳೊಂದಿಗೆ.

ಕಾಗುಣಿತದ ಐವರಲ್ಲಿ ಮೂವರು ಒತ್ತಕ್ಷರಕ್ಕೆ ಸರಿದರು, ಇಬ್ಬರು ಉಳಿದರು. ಒತ್ತಕ್ಷರದ ಏಳರಲ್ಲಿ ನಾಲ್ವರು ಸರಾಗ ಓದಿಗೆ, ಒಬ್ಬನು, ಮನೆಮಾತು ಬೇರೆಯಿದ್ದ 15ನೆಯವನು, ನೇರ ಅರ್ಥದ ಗುಂಪಿಗೆ. ಸರಾಗ ಓದಿನ ಎಂಟರಲ್ಲಿ ಮೂವರು ಸ್ವತಂತ್ರಕ್ಕೆ, ಇಬ್ಬರು ಅರ್ಥಕ್ಕೆ. ಮೊದಲು ವೇಗ ಕಡಿಮೆಯಿದ್ದುದರಿಂದ ಕಾಣದಿದ್ದ ಕೊರತೆ ಈಗ ಕಂಡಿತು. ಅರ್ಥದ ಗುಂಪಿನಿಂದ ಹೊರಬಂದದ್ದು ಒಬ್ಬಳೇ. ಹೊಸ ಲೆಕ್ಕ: 2, 5, 7, 8, 10.

ಅರ್ಥದ ಗುಂಪು ನಿಧಾನವಾದದ್ದನ್ನು ವೈಫಲ್ಯ ಎನ್ನಲಾಗದು. ಆರು ಒತ್ತುಗಳ ರೂಪ ಕಲಿಯುವುದಕ್ಕೆ ಕೊನೆಯಿದೆ, ಪದಸಂಪತ್ತು ಮತ್ತು ಲೋಕಜ್ಞಾನಕ್ಕೆ ಇಲ್ಲ. 26ನೆಯವಳು ಇನ್ನೂ ಅಲ್ಲೇ ಇದ್ದಾಳೆ, ಆದರೆ ಹಕ್ಕಿಗಳ ಗದ್ಯಗಳಲ್ಲಿ ನಾಲ್ಕಕ್ಕೆ ಮೂರು, ಅಪರಿಚಿತ ವಿಷಯದಲ್ಲಿ ಒಂದು. ಎರಡನ್ನೂ ಬೇರೆಬೇರೆ ಬರೆದಿಡದಿದ್ದರೆ ಆ ಬೆಳವಣಿಗೆ ಕಾಣುತ್ತಲೇ ಇರಲಿಲ್ಲ.

ಒತ್ತಕ್ಷರದಲ್ಲಿ ಉಳಿದ ಇಬ್ಬರದ್ದು ಗಮನಿಸಬೇಕಾದ ಸಂಗತಿ. ಪಟ್ಟಿಯಲ್ಲಿ 20ಕ್ಕೆ 18, ಗದ್ಯದಲ್ಲಿ ಅದೇ ಒತ್ತುಗಳು ಮತ್ತೆ ಮಾಯ. ಬಿಡಿ ಅಕ್ಷರವಾಗಿ ಕಲಿತದ್ದು ಓಡುವ ಓದಿಗೆ ಇನ್ನೂ ಇಳಿದಿಲ್ಲ. ಇವರಿಗೆ ಮತ್ತೆ ಚೀಟಿ ಹಿಡಿಸುವುದು ವ್ಯರ್ಥ. ಚೀಟಿಯ 5 ನಿಮಿಷವನ್ನೂ ಗದ್ಯಕ್ಕೇ ಕೊಟ್ಟು, ಓದುವ ಮೊದಲು ಒತ್ತಕ್ಷರಗಳಿಗೆಲ್ಲ ಅಡಿಗೆರೆ ಎಳೆಸಿ, ಎರಡನೇ ಓದಿಗೆ ಗೆರೆಯಿಲ್ಲದ ಪ್ರತಿ ಕೊಟ್ಟರು.

ಕಾಗುಣಿತದಲ್ಲಿ ಉಳಿದ ಇಬ್ಬರಲ್ಲಿ ಒಬ್ಬನು 30 ದಿನಗಳಲ್ಲಿ 14 ದಿನ ಗೈರು. ಹಾಜರಿಯ ಕಲಂ ಇದ್ದದ್ದು ಇದಕ್ಕಾಗಿಯೇ: ಅವನ ಅಂಕಿಯನ್ನು ಕಲಿಕೆಯ ತೊಡಕೆಂದು ಓದಬಾರದು, ಮೊದಲು ಮನೆಯವರೊಂದಿಗೆ ಮಾತಾಗಬೇಕು. ಇನ್ನೊಬ್ಬಳು, 19ನೇ ಕ್ರಮಸಂಖ್ಯೆ, ಒಂದು ದಿನವೂ ತಪ್ಪಿಸಿರಲಿಲ್ಲ. ವಾರಕ್ಕೆ ಮೂರು ಸುತ್ತು ಮೇಜಿನ ಬಳಿ ಕೂತೂ ಕಾಗುಣಿತ 11ರಿಂದ 12ಕ್ಕೆ ಮಾತ್ರ ಏರಿತ್ತು. ಕೇಳಿ ಹೇಳಿದ್ದು 4ಕ್ಕೆ 4.

ಎರಡನೇ ಸರದಿಯಲ್ಲಿ ಹತ್ತು ಸುತ್ತುಗಳನ್ನು ಕಾಗುಣಿತ 2, ಒತ್ತಕ್ಷರ 2, ಸರಾಗ ಓದು 2, ಅರ್ಥ 3, ಸ್ವತಂತ್ರ 1 ಎಂದು ಹಂಚಿದರು. 19ನೆಯವಳಿಗೆ ಇದರ ಹೊರಗೆ ದಿನವೂ 7 ನಿಮಿಷ, ಒಂದು ವಾರಕ್ಕೆ ಎರಡೇ ಸ್ವರಚಿಹ್ನೆ, ಅವಳು ಬಾಯಲ್ಲಿ ಹೇಳಿದ ವಾಕ್ಯವನ್ನೇ ಶಿಕ್ಷಕಿ ಬರೆದು ಅವಳಿಂದಲೇ ಓದಿಸುವುದು. ಕಿವಿ ಮತ್ತು ಕಣ್ಣಿನ ತಪಾಸಣೆಗೆ ಮನೆಯವರಿಗೆ ಹೇಳಿಯಾಗಿದೆ. ಎರಡನೇ ಸರದಿಯ ಕೊನೆಗೂ ಕಾಗುಣಿತ 14 ದಾಟದಿದ್ದರೆ ವಿಶೇಷ ಶಿಕ್ಷಣ ಬಲ್ಲವರಿಗೆ ತೋರಿಸಲು ಅವಳ ಹನ್ನೆರಡು ವಾರದ ತಪ್ಪುಗಳ ಹಾಳೆ, ದಿನಾಂಕ ಸಮೇತ, ಫೈಲಿನಲ್ಲಿರುತ್ತದೆ.